ಒದ್ದೆ ಪಾಸ್‌ಬುಕ್ಕು

ಇಪ್ಪತ್ತೊಂಬತ್ತು ವರ್ಷ ಶಿಡ್ಲಘಟ್ಟದ ಗಲ್ಲಿಗಳಲ್ಲಿ
ಪರರ ದುಡ್ಡು ಹೊತ್ತು ತಿರುಗಿದವಳು ನಾನು.
ಆರ್‌ಡಿ ಅಕ್ಕಯ್ಯ ಬಂದಳು ಎಂದರೆ
ಬಿಸಿನೀರಿನ ಬೇಸಿನ್ನಿಂದ ಕೈ ಎತ್ತಿ
ಸೀರೆಗೆ ಒರೆಸಿ, ಒರೆಸಿದರೂ ಒದ್ದೆಯಾಗಿಯೇ ಬರುವ
ನೂರರ ಎರಡು ನೋಟು.
ನನ್ನ ಚೀಲಕ್ಕೆ ಗೂಡಿನ ಹುಳದ ವಾಸನೆ.
ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು.

ಪೋಸ್ಟ್‌ಮಾಸ್ಟರು ಆ ನೋಟುಗಳನ್ನು ಫ್ಯಾನಿನ ಕೆಳಗೆ ಹರಡಿ
ಒಣಗಿಸಿ ಎಣಿಸುವರು.
ಆಮೇಲೆ ಅವು ಎಲ್ಲಿಗೆ ಹೋಗುತ್ತಿದ್ದವು?
ಒಮ್ಮೆ ಕೇಳಿದ್ದೆ. "ಡೆಲ್ಲಿಗಮ್ಮ" ಅಂದರು.
ಡೆಲ್ಲಿಯಲ್ಲಿ ಏನಾಗುತ್ತವೆ,
ರಸ್ತೆಯೋ, ಸೇತುವೆಯೋ, ತುಪಾಕಿಯೋ?
ಅವರು ಸೀಲು ಒತ್ತುವುದರಲ್ಲಿದ್ದರು.

ನೂರಕ್ಕೆ ನಾಲ್ಕು ಕಮಿಷನ್ನು. ಅದನ್ನೇ ಕೂಡಿಟ್ಟೆ.
ಕಣ್ಣಿಗೆ ಪೊರೆ ಬಂದು ಏಜೆನ್ಸಿ ಬಿಟ್ಟ ದಿನ
ಮೂರು ಲಕ್ಷದ ಎಂಬತ್ತು ಸಾವಿರ.
ಭಾವನ ಮಗ ವೆಂಕಟರೋಣಪ್ಪ ಮೊಬೈಲಿನಲ್ಲಿ ನಕ್ಷೆ ತೋರಿಸಿದ:
"ನಂದಿ ಕ್ರಾಸಿನಾಚೆ ಸೈಟು, ಚಿಕ್ಕಮ್ಮ. ಅರ್ಧ ನೀವು ಹಾಕಿ.
ಮಣ್ಣು ಮೋಸ ಮಾಡಲ್ಲ."
ಹೋಗಿ ನೋಡಿದೆ. ಹಿಪ್ಪುನೇರಳೆ ಕಿತ್ತು ನೆಟ್ಟ ಬಿಳಿ ಕಲ್ಲುಗಳು
ಸಾಲು ಸಾಲು, ಹಲ್ಲಿನ ಹಾಗೆ.

ಖೈರುನ್ನೀಸಾ ಕೇಳಲಿಲ್ಲ. ಇದು ಗೊತ್ತಿರಲಿ, ಅವಳು ಕೇಳಲಿಲ್ಲ.
ಪಾಸ್‌ಬುಕ್ಕು ಹಿಂದಿರುಗಿಸಲು ಹೋದವಳು ನಾನೇ.
ಒಲೆಯ ಮುಂದೆ ಹುಣಸೆ ಬಡ್ಡೆ,
ಹಸಿಯದು, ಪಕ್ಕದಲ್ಲೊಂದು ಚಿಗುರು ಇನ್ನೂ ಇತ್ತು.
ಮುಬೀನಾ ಮಾತು ಶುರು ಮಾಡಿ, ಕೆಮ್ಮಿ, ಬಿಟ್ಟಳು.
ಚಿನ್ನಪಾಪಮ್ಮನ ಬೆರಳ ತುದಿ
ಬೆಂದೂ ಬೆಂದೂ ಗೆರೆಯಿಲ್ಲದೆ ನುಣುಪು;
ರೇಷನ್ ಅಂಗಡಿಯ ಮೆಷೀನು ಅವಳನ್ನು ಗುರುತಿಸುವುದಿಲ್ಲ.
"ಬಿಸಿಲಲ್ಲೇ ನೀರು ಕಾಯಿಸೋ ಪೈಪು ಬಂದಿದೆಯಂತೆ ಅಕ್ಕಯ್ಯ,
ಶೀಟಿನ ಮೇಲೆ ಕೂರಿಸೋದು.
ಬ್ಯಾಂಕಿನವರು ಮನೆಪತ್ರ ಕೇಳ್ತಾರೆ. ನಮ್ಮದು ಬಾಡಿಗೆ ಶೆಡ್ಡು."
ಅಷ್ಟು ಹೇಳಿ, ತಪ್ಪಿದ ಎಳೆ ಹುಡುಕತೊಡಗಿದಳು.

ಎರಡು ಲಕ್ಷ. ಐದು ಹೆಂಗಸರು, ಐದು ಸಹಿ,
ಅದರಲ್ಲಿ ಎರಡು ಹೆಬ್ಬೆಟ್ಟು,
ಚಿನ್ನಪಾಪಮ್ಮನದು ಬರೀ ನೀಲಿ ಮಚ್ಚೆ.
ಆರು ತಿಂಗಳು ಬಡ್ಡಿ ಬೇಡ ಅಂದೆ.
"ಹುಣಸೆ ಬಡ್ಡೆ ಉಳಿದರೆ ಅದೇ ನನ್ನ ಬಡ್ಡಿ" ಅಂದು
ನಾನೇ ನಕ್ಕೆ. ಮನೆಯಲ್ಲಿ ಉರ್ದು ಆಡುವವರು, ತೆಲುಗು ಆಡುವವರು;
ಯಾರೂ ನಗಲಿಲ್ಲ.

ಸುಳ್ಳು ಯಾಕೆ, ಆ ರಾತ್ರಿ ನಿದ್ದೆ ಬರಲಿಲ್ಲ.
ಪುಣ್ಯ ಅನ್ನಬೇಡಿ. ಪುಣ್ಯಕ್ಕೆ ರಸೀದಿ ಇರುವುದಿಲ್ಲ,
ನನ್ನ ಹತ್ತಿರ ಇದೆ, ಛಾಪಾ ಕಾಗದದ್ದು, ಟ್ರಂಕಿನಲ್ಲಿ.
ಅಸಲು ನನಗೆ ಬೇಕು. ಕಣ್ಣಿನ ಆಪರೇಷನ್ ಬಾಕಿ ಇದೆ.

ಆಷಾಢದ ಮೋಡಕ್ಕೆ ಹನ್ನೊಂದು ದಿನ ನೀರು ಕಾಯಲೇ ಇಲ್ಲ.
ಮತ್ತೆ ಸೌದೆ. ಮತ್ತೆ ಹೊಗೆ.
ವೆಂಕಟರೋಣಪ್ಪ ಫೋನು ಮಾಡಿ ಸೈಟಿನ ರೇಟು ಹೇಳಿದ, ಕೇಳದಿದ್ದರೂ.
ಒಂದು ಕಂತು ತಪ್ಪಿತು.
ಮುಂದಿನ ತಿಂಗಳು ಎರಡೂ ಸೇರಿ ಬಂತು,
ನೋಟು ಈಗಲೂ ಒದ್ದೆ.
ಎಷ್ಟು ಮರ ಉಳಿಯಿತೆಂದು ನೋಡಲು
ದಿಬ್ಬೂರಹಳ್ಳಿ ರಸ್ತೆಯ ಹುಣಸೆಗಳನ್ನು ಬಸ್ಸಿನಿಂದ ಎಣಿಸಿದೆ.
ಹೋಗುವಾಗ ಒಂದು ಲೆಕ್ಕ, ಬರುವಾಗ ಒಂದು.

ನನ್ನ ದುಡ್ಡು ಡೆಲ್ಲಿಗೆ ಹೋಗಿಲ್ಲ.
ಮನೆಯಿಂದ ಹತ್ತು ನಿಮಿಷ, ಮಸೀದಿ ದಾಟಿ ಎಡಕ್ಕೆ.
ಸಂಜೆ ಹೋಗಿ ನೋಡಿ ಬರುತ್ತೇನೆ,
ಯಾರದೋ ಹಿತ್ತಲಲ್ಲಿ ಕಟ್ಟಿದ ನಮ್ಮ ಕರುವನ್ನು ನೋಡುವ ಹಾಗೆ.
ಒಂದು ಜಾಯಿಂಟು ಸೋರುತ್ತದೆ. ಕೆಳಗೆ ಬಕೆಟ್ ಇಟ್ಟಿದ್ದಾರೆ.
ಪೊರೆಗಣ್ಣಿಗೆ ಪೈಪು ಸರಿಯಾಗಿ ಕಾಣದು,
ಕೈ ಒಡ್ಡುತ್ತೇನೆ.
"ಸುಡುತ್ತೆ ಅಕ್ಕಯ್ಯ, ಕೈ ತೆಗೀರಿ, ಸುಡುತ್ತೆ" ಅಂತಾಳೆ ಮುಬೀನಾ
ಕೆಮ್ಮದೆ,
ಒಂದೇ ಉಸಿರಿನಲ್ಲಿ.